ದೊಡ್ಡ ಅಕ್ಷರ ನನ್ನದೇ

"ಈ ಅಕ್ಷರ ಯಾರದು?"

ಹೆಡ್ ಮಿಸ್ ಬಿಳಿ ಲಿನನ್ ತುಂಡೊಂದನ್ನು ನನ್ನ ಟೇಬಲ್ ಮೇಲೆ ಎಸೆದರು. ರಿಟೈರ್ ಆಗಿದ್ದು ಅವರು ಮಾತ್ರ, ಅವರ ದನಿ ಅಲ್ಲ. ಒಂದು ಕಾಲದಲ್ಲಿ ಇದೇ ದನಿಗೆ ಹೆದರಿ ಬೆಂಚಿನ ಮೇಲೆ ನಿಂತವಳು ನಾನು. ಇವತ್ತು ಕುರ್ಚಿಯಿಂದ ಏಳಲಿಲ್ಲ.

ಬಾಗಿಲ ಹತ್ತಿರ ಅವರ ಮಗ ನಿಂತಿದ್ದ, ಕೈಯಲ್ಲಿ ಟೂಲ್ ಬ್ಯಾಗ್. ಹೊಲಿಗೆ ಮೆಷಿನ್ ರಿಪೇರಿ ಅವನ ಕೆಲಸ. ನನ್ನ ಎಂಬ್ರಾಯ್ಡರಿ ಮೆಷಿನ್‌ಗೆ ಮೂರು ವರ್ಷದಿಂದ ಅವನೇ ಡಾಕ್ಟರು. ನನ್ನ ಕಡೆ ಒಂದು ಸಲ ನೋಡಿದ, ಆಮೇಲೆ ತನ್ನ ಚಪ್ಪಲಿ ನೋಡಿಕೊಂಡ.

ಬಟ್ಟೆಯ ಮೇಲೆ ನೀಲಿ ದಾರದಲ್ಲಿ ಎರಡು ಅಕ್ಷರ. ನಡುವೆ ದೊಡ್ಡದೊಂದು, ಅದಕ್ಕೆ ಸುತ್ತಿಕೊಂಡ ಹೂಬಳ್ಳಿ, ಬಳ್ಳಿಯ ಮಡಿಲಲ್ಲಿ ಚಿಕ್ಕದೊಂದು. ಚಿಕ್ಕದು ಅವನದು. ದೊಡ್ಡದು ಯಾರದು ಅಂತ ಹೇಳ್ತೀನಿ, ಸ್ವಲ್ಪ ತಾಳಿ.

ಅಣ್ಣನ ಮನೆಯ ಮುಂದಿನ ರೂಮಿನಲ್ಲಿ ನಾನು ಮಾನೋಗ್ರಾಮ್ ಹಾಕಿಕೊಡ್ತೀನಿ. ಟವೆಲ್, ಮಫ್ಲರ್, ಕರ್ಚೀಫ್, ಏನೇ ತಂದುಕೊಡಿ, ಉಡುಗೊರೆ ಯಾರಿಗೋ ಅವರ ಹೆಸರಿನ ಅಕ್ಷರವನ್ನು ಬಳ್ಳಿ ಸಮೇತ ಹೊಲಿದುಕೊಡ್ತೀನಿ. ಡಿಸೆಂಬರ್ ಬಂತು ಅಂದರೆ ಉಸಿರಾಡೋಕೂ ಪುರುಸೊತ್ತಿಲ್ಲ. ಐದು ವರ್ಷದ ಹಿಂದೆ ಗಂಡನ ಮನೆ ಬಿಟ್ಟು ಬಂದಾಗ ಆಡಿಕೊಂಡು ನಕ್ಕ ಜನವೇ ಈಗ ನನ್ನ ಬಾಗಿಲಲ್ಲಿ ಕ್ಯೂ ನಿಲ್ತಾರೆ.

ಜೋಡಿ ಅಕ್ಷರಕ್ಕೆ ಒಂದು ಪದ್ಧತಿ ಇದೆ. ಗಂಡಿನದು ನಡುವೆ, ದೊಡ್ಡದಾಗಿ. ಹೆಣ್ಣಿನದು ಪಕ್ಕದಲ್ಲಿ, ಪುಟ್ಟದಾಗಿ, ಬಳ್ಳಿಗೆ ಒರಗಿಕೊಂಡು. ಹಾಗೇ ನೂರಾರು ಹೊಲಿದಿದ್ದೀನಿ. ಎರಡು ವರ್ಷದ ಹಿಂದೆ ಒಂದನ್ನು ಮಾತ್ರ ತಿರುಗಾಮುರುಗಾ ಮಾಡಿ ಮೆಷಿನ್‌ನ ಮೆಮೊರಿಯಲ್ಲಿ ಇಟ್ಟೆ. ಅದಕ್ಕೆ ಹೆಸರಿಲ್ಲ, ಬರೀ ನಂಬರ್ ನಲವತ್ತೊಂದು.

ಅವನು ಮೂರು ತಿಂಗಳಿಗೊಮ್ಮೆ ಸರ್ವಿಸ್‌ಗೆ ಬರ್ತಾನೆ. ಬೆಳಿಗ್ಗೆ ಹನ್ನೊಂದು ಗಂಟೆ, ರೂಮಿನ ತುಂಬಾ ಬಿಸಿಲು. ಆದರೂ ಕೇಳ್ತಾನೆ, "ಮೇಡಂ, ಸ್ವಲ್ಪ ಟಾರ್ಚ್ ಹಿಡೀತೀರಾ?"

"ಸಾಹೇಬ್ರಿಗೆ ಕಣ್ಣು ಕಾಣಲ್ವಾ?"

"ದೂರದ್ದು ಕಾಣುತ್ತೆ. ಹತ್ತಿರದ್ದು ಸ್ವಲ್ಪ ಕಷ್ಟ."

ನಗು ನುಂಗಿಕೊಂಡು ಹಿಡೀತೀನಿ. ಅವನ ಕಿವಿಯ ಹಿಂದೆ ಯಾವಾಗಲೂ ಒಂದು ದಾರದ ಎಳೆ ಅಂಟಿಕೊಂಡಿರುತ್ತೆ. ತೆಗೆಯೋಣ ಅಂತ ಕೈ ಹೋಗುತ್ತೆ, ಅರ್ಧದಲ್ಲೇ ವಾಪಸ್ ಬರುತ್ತೆ.

ಹೊರಡುವ ಮುಂಚೆ ಇನ್ನೊಂದು ಪ್ರಶ್ನೆ. "ಹಳೇ ಡಿಸೈನ್ ತುಂಬಿಕೊಂಡಿದೆ. ಅಳಿಸಲಾ?"

"ಎಲ್ಲಾ ಅಳಿಸಿ," ಅಂತ ಬಿಗುಮಾನದಿಂದ ಹೇಳ್ತೀನಿ. ಅವನು ಹೋದ ಮೇಲೆ ನೋಡಿದರೆ ನಲವತ್ತೊಂದು ಹೇಗೋ ಉಳಿದಿರುತ್ತೆ. ಸದ್ಯ, ಅವನ ಕಣ್ಣಿಗೆ ಬಿದ್ದಿಲ್ಲ, ಬಚಾವಾದೆ ಅಂದುಕೊಳ್ತಿದ್ದೆ.

ಹೋದ ವಾರ ಹೆಡ್ ಮಿಸ್ ಬಂದು ಆರು ದಿಂಬಿನ ಕವರ್‌ಗೆ ತಮ್ಮ ಮನೆತನದ ಅಕ್ಷರ ಹಾಕಿಕೊಡು ಅಂದರು. ಮಗನಿಗೆ ನೋಡಿದ ಹುಡುಗಿಯ ಮನೆಗೆ ವರ್ಷದ ಕೊನೆಯ ಉಡುಗೊರೆಯಂತೆ. ಈ ಭಾನುವಾರ ಮಾತುಕತೆಯಂತೆ.

"ಮಗ ಏನಂದ್ರು, ಮಿಸ್?"

"ನೋಡೋಣ ಅಂದ. ಅಂದ್ರೆ ಒಪ್ಪಿದ ಹಾಗೇ."

ನೋಡೋಣ ಅಂತೆ! ನನಗೆ ಮೈಯೆಲ್ಲಾ ಉರಿದುಹೋಯ್ತು.

ಹೊಸ ಬಟ್ಟೆಗೆ ಸೂಜಿ ಇಳಿಸುವ ಮುಂಚೆ ಅದೇ ಬಟ್ಟೆಯ ತುಂಡೊಂದರ ಮೇಲೆ ಟ್ರಯಲ್ ಹೊಲೀಬೇಕು. ದಾರ ಬಿಗಿಯಾಯ್ತಾ, ಸಡಿಲಾಯ್ತಾ ಅಂತ ಆಗಲೇ ಗೊತ್ತಾಗೋದು. ಅವತ್ತು ಸಿಟ್ಟಿಗೆ ನಲವತ್ತೊಂದನ್ನೇ ಒತ್ತಿದೆ. ಇಪ್ಪತ್ತು ನಿಮಿಷ ಮೆಷಿನ್ ಓಡಿತು, ನಾನು ಕಣ್ಣು ಒರೆಸಿಕೊಳ್ಳುತ್ತಾ ನೋಡುತ್ತಾ ಕೂತೆ. ಆಮೇಲೆ ಹಲ್ಲು ಕಚ್ಚಿಕೊಂಡು ಆರು ಕವರ್ ಮುಗಿಸಿದೆ.

ಪ್ಯಾಕ್ ಮಾಡಿದ್ದು ಅತ್ತಿಗೆ. ಪಾಪ, ಇದ್ದುದರಲ್ಲಿ ಇದೇ ಚೆನ್ನಾಗಿದೆ ಅಂತ ಟ್ರಯಲ್ ತುಂಡನ್ನೇ ಎಲ್ಲದರ ಮೇಲಿಟ್ಟು ರಿಬ್ಬನ್ ಕಟ್ಟಿಬಿಟ್ಟರು. ಹೆಡ್ ಮಿಸ್ ಅದನ್ನು ಬಿಚ್ಚಿ ನೋಡದೆ ಹಾಗೇ ಆ ಮನೆಗೆ ಕಳಿಸಿದರು.

"ಹುಡುಗಿಯ ಅಪ್ಪ ಇದನ್ನ ವಾಪಸ್ ಕಳಿಸಿ, ಬೆಳಿಗ್ಗೆನೇ ಫೋನ್ ಮಾಡಿದ್ರು," ಹೆಡ್ ಮಿಸ್ ಈಗ ಅಬ್ಬರಿಸಿದರು. "ನಿಮ್ಮ ಮಗನ ಅಕ್ಷರವನ್ನ ಮಡಿಲಲ್ಲಿ ಇಟ್ಕೊಂಡು ಕೂತಿದೆಯಲ್ಲ, ಆ ದೊಡ್ಡ ಅಕ್ಷರ ನಮ್ಮ ಹುಡುಗಿಯದಲ್ಲ, ಮತ್ತೆ ಯಾರದು ಅಂತಾರೆ. ನಾನೇನು ಹೇಳಲಿ?"

ಅತ್ತಿಗೆ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಓಡಿ ಬಂದರು. "ಅಯ್ಯೋ, ಮೆಷಿನ್ ಕೆಟ್ಟಿದೆ ಮಿಸ್! ತಾನಾಗೇ ಏನೇನೋ ಹೊಲಿದುಬಿಡುತ್ತೆ." ನನ್ನ ಭುಜ ಚಿವುಟಿ ಪಿಸುಗುಟ್ಟಿದರು, "ಹೂಂ ಅನ್ನೇ. ನಿಮ್ಮಣ್ಣ ಬರೋದ್ರೊಳಗೆ ಮುಗಿದುಹೋಗ್ಲಿ."

"ಹಾಗಾ? ಬಾರೋ ಇಲ್ಲಿ," ಹೆಡ್ ಮಿಸ್ ಮಗನನ್ನು ಕರೆದರು. "ಮೆಷಿನ್ ನೋಡು. ಕೆಟ್ಟಿದ್ರೆ ಕೆಟ್ಟಿದೆ ಅಂತ ಸರ್ವಿಸ್ ಕಾರ್ಡಿನಲ್ಲಿ ಬರೆದುಕೊಡು. ಆ ಮನೆಯವರಿಗೆ ತೋರಿಸ್ತೀನಿ."

ಅವನು ಬಂದು ಕೂತ. ಮುಚ್ಚಳ ತೆಗೆದ, ಬಾಬಿನ್ ನೋಡಿದ, ಚಕ್ರ ತಿರುಗಿಸಿದ. ಜೇಬಿನಿಂದ ಪೆನ್ ತೆಗೆದು ಕಾರ್ಡಿನ ಮೇಲಿಟ್ಟ. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದ. ಮೂರು ವರ್ಷದಲ್ಲಿ ಮೊದಲ ಸಲ, ಟಾರ್ಚ್‌ನ ನೆಪ ಇಲ್ಲದೆ.

"ಏನಂತ ಬರೀಲಿ, ಮೇಡಂ?"

ಕೆಟ್ಟಿದೆ ಅಂದರೆ ಸಾಕಿತ್ತು. ನನ್ನ ಮರ್ಯಾದೆ ಉಳಿಯುತ್ತೆ, ಅಣ್ಣನ ಮನೆಯಲ್ಲಿ ನೆಮ್ಮದಿ ಉಳಿಯುತ್ತೆ. ಭಾನುವಾರ ಅವನು ಹೋಗಿ ಆ ಹುಡುಗಿಯನ್ನು ಒಪ್ಪಿಕೊಂಡು ಬರ್ತಾನೆ. ಅವರ ಮದುವೆಗೆ ನಾನು ಜೋಡಿ ಅಕ್ಷರದ ಟವೆಲ್ ಹೊಲಿದುಕೊಡ್ತೀನಿ. ಹೊಲೀತೀನಾ? ನನ್ನ ಕೈಲಾಗಲ್ಲ.

"ಮೂಕ ಮೆಷಿನ್ ಮೇಲೆ ಸುಳ್ಳು ಬರೀಬೇಡಿ," ಅಂದೆ. "ಅದು ಒಂದು ಹೊಲಿಗೆನೂ ತಪ್ಪಿಲ್ಲ. ಹೊಲಿದಿದ್ದು ನಾನು. ದೊಡ್ಡ ಅಕ್ಷರ ನನ್ನದೇ."

ಅತ್ತಿಗೆ ತಲೆ ಮೇಲೆ ಕೈ ಹೊತ್ತು ಕೂತರು.

"ನಿನಗೆ ವಯಸ್ಸೆಷ್ಟು?" ಹೆಡ್ ಮಿಸ್ ಕೇಳಿದರು.

"ಮೂವತ್ತೇಳು. ಇವರಿಗಿಂತ ನಾಲ್ಕು ವರ್ಷ ದೊಡ್ಡವಳು."

"ಒಂದು ಮದುವೆ ಬಿಟ್ಟು ಬಂದವಳು."

"ಹೌದು. ಯಾರೂ ಓಡಿಸಿದ್ದಲ್ಲ, ನಾನೇ ಬಂದೆ. ಇದೆಲ್ಲ ನನಗೆ ಗೊತ್ತಿರೋದೇ ಮಿಸ್, ಹೊಸದೇನಾದ್ರೂ ಇದ್ರೆ ಹೇಳಿ."

"ನಿನ್ನ ಬಾಯಿ ಆಗಲೂ ಹೀಗೇ ಇತ್ತು."

"ಬೆಂಚಿನ ಮೇಲೆ ನಿಲ್ಲಿಸಿದ್ರೂ ಮುಚ್ಚಿರಲಿಲ್ಲ."

ಇನ್ನು ಅವನ ಸರದಿ. "ಮತ್ತೆ ನೀವು! ಮೂರು ವರ್ಷ ಸುಡುಬಿಸಿಲಲ್ಲಿ ಟಾರ್ಚ್ ಹಿಡಿಸಿ, ಅಮ್ಮನ ಮುಂದೆ ನೋಡೋಣ ಅಂದ್ರಲ್ಲ, ನಾಚಿಕೆ ಆಗಲ್ವಾ? ನನಗೆ ನೀವು ಇಷ್ಟ. ಹೇಳಿಬಿಟ್ಟೆ. ಬೇಡ ಅನ್ನೋದಾದ್ರೆ ಬಾಗಿಲು ಅಲ್ಲಿದೆ, ನಾನು ಬೇರೆ ಮೆಕ್ಯಾನಿಕ್‌ನ ಹುಡುಕಿಕೊಳ್ತೀನಿ."

ಅವನು ಬಾಗಿಲ ಕಡೆ ನೋಡಲೂ ಇಲ್ಲ. ಸ್ಕ್ರೀನ್ ಒತ್ತಿ ಮೆಮೊರಿ ತೆಗೆದು ಬೆರಳಿಟ್ಟು ತೋರಿಸಿದ. ನಲವತ್ತೊಂದು.

"ಎರಡು ವರ್ಷದಲ್ಲಿ ಎಂಟು ಸಲ ಈ ಮೆಮೊರಿ ಖಾಲಿ ಮಾಡಿದ್ದೀನಿ," ಅಂದ. "ಒಂದು ಬಟನ್ ಒತ್ತಿದ್ರೆ ಎಲ್ಲಾ ಅಳಿಸಿಹೋಗುತ್ತೆ, ಎರಡು ನಿಮಿಷದ ಕೆಲಸ. ನಾನು ಮುಕ್ಕಾಲು ಗಂಟೆ ಕೂತು ಒಂದೊಂದಾಗಿ ಅಳಿಸ್ತಿದ್ದೆ. ಇದೊಂದು ಉಳೀಲಿ ಅಂತ."

ಸ್ಕ್ರೀನ್ ಕಡೆ ಬಗ್ಗಿ ನಲವತ್ತೊಂದನ್ನು ಇನ್ನೊಂದು ಸಲ ನೋಡಿದೆ.

"ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಮತ್ತೆ ಬಾಯಲ್ಲಿ ಏನು ಇಟ್ಕೊಂಡಿದ್ರಿ?"

"ನೀವು ಪ್ರತಿ ಸಲ ಎಲ್ಲಾ ಅಳಿಸಿ ಅಂತಿದ್ರಿ. ಒಂದು ಸಲನಾದ್ರೂ ಬೇಡ ಇರಲಿ ಅಂತೀರೇನೋ ಅಂತ ಕಾಯ್ತಿದ್ದೆ." ಎದ್ದು ತಾಯಿಯ ಕಡೆ ತಿರುಗಿದ. "ಅಮ್ಮ, ನೋಡೋಣ ಅಂದಿದ್ದು ನನ್ನದೇ ತಪ್ಪು. ಬೇಡ ಅನ್ನೋ ಧೈರ್ಯ ಬರಲಿಲ್ಲ. ಈಗ ಹೇಳ್ತಿದ್ದೀನಿ, ಆ ಸಂಬಂಧ ಬೇಡ. ನನಗೆ ಇವರು ಬೇಕು."

ಆಮೇಲೆ ಕಾರ್ಡಿನಲ್ಲಿ 'ಮೆಷಿನ್‌ನಲ್ಲಿ ಯಾವ ದೋಷವೂ ಇಲ್ಲ' ಅಂತ ಬರೆದು ಸಹಿ ಹಾಕಿ ತಾಯಿಯ ಕೈಗೆ ಕೊಟ್ಟ.

ಹೆಡ್ ಮಿಸ್ ಲಿನನ್ ತುಂಡು ಎತ್ತಿಕೊಂಡು, ಹೋಮ್‌ವರ್ಕ್ ತಿದ್ದುವವರ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದರು. ಹಿಂಭಾಗದಲ್ಲೂ ಒಂದು ಗಂಟಿಲ್ಲ, ಒಂದು ಸಡಿಲ ಎಳೆ ಇಲ್ಲ.

"ಆ ಮನೆಗೆ ಫೋನ್ ಮಾಡಬೇಕು," ಅಂದರು. ಈ ಸಲ ದನಿ ಇಳಿದಿತ್ತು. "ಏನಂತ ಹೇಳಲಿ?"

"ನಿಜ ಹೇಳಿ ಮಿಸ್. ನೀವೇ ಹೇಳಿಕೊಟ್ಟಿದ್ದು."

ದುರುಗುಟ್ಟಿಕೊಂಡು ನೋಡಿದರು. ಫೋನ್ ತೆಗೆದುಕೊಂಡು ಹೊರಗೆ ಹೊರಟವರು ಬಾಗಿಲಲ್ಲಿ ನಿಂತು ತಿರುಗಿದರು. "ನನ್ನ ಮಗನ ಅಕ್ಷರವನ್ನ ಸ್ವಲ್ಪನಾದ್ರೂ ದೊಡ್ಡದು ಮಾಡೇ."

"ಆಗಲ್ಲ ಮಿಸ್."

ಅವನು ನಕ್ಕುಬಿಟ್ಟ. ಮತ್ತೆ ಮೆಷಿನ್ ಮುಂದೆ ಕೂತು, ತೆಗೆದಿಟ್ಟ ಮುಚ್ಚಳ ಕೈಗೆತ್ತಿಕೊಂಡ. ಗಂಟೆ ಹನ್ನೊಂದಾಗಿತ್ತು, ಟೇಬಲ್ ಮೇಲೆಲ್ಲಾ ಬಿಸಿಲು.

"ಮೇಡಂ, ಸ್ವಲ್ಪ ಟಾರ್ಚ್..."

"ಟಾರ್ಚೂ ಬೇಡ, ಗೀರ್ಚೂ ಬೇಡ. ಸುಮ್ಮನೆ ಕೂತ್ಕೊಳ್ಳಿ," ಅಂದೆ. ಅತ್ತಿಗೆ ನೋಡುತ್ತಿದ್ದ ಹಾಗೇ ಅವನ ಕಿವಿಯ ಹಿಂದಿನ ದಾರದ ಎಳೆ ತೆಗೆದೆ. ಕೈ ವಾಪಸ್ ತೆಗೆದುಕೊಳ್ಳಲಿಲ್ಲ.