ಸೀಸದ ಮೇಲಿನ ಗೆರೆ

ನಾಲ್ಕನೇ ಗುಂಡು ಹಾರಿದ್ದೇ ತಡ, ಆರ್ವಿಡ್ ಲುಂಡೀನ್‌ನ ರಿವಾಲ್ವರ್ ಕಚ್ಚಿಕೊಂಡು ನಿಂತುಬಿಟ್ಟಿತು. ಏನು ಮಾಡಿದರೂ ತೋಟಾ ತುಂಬುವ ಉರುಳೆ ತಿರುಗಲೊಲ್ಲದು. ಇನ್ನೆರಡು ಗುಂಡು ಗುರಿಗೆ ಬಿದ್ದಿದ್ದರೆ ಪಂದ್ಯ ಅವನದಾಗುತ್ತಿತ್ತು. ಸಮಯ ಮುಗಿಯಿತು. ಗೆದ್ದವನು ಅವನ ಪಕ್ಕದ ಮನೆಯ ಕ್ಲೈಡ್ ಮ್ಯಾಬ್ರಿ.

ಗುರಿ ಕ್ಲಬ್ಬಿನ ಪರವಾಗಿ ಪಂದ್ಯ ನಡೆಸುತ್ತಿದ್ದ ವರ್ನಾ ಟೀಗನ್ ಬಂದು ರಿವಾಲ್ವರ್ ಇಸಿದುಕೊಂಡಳು. ಮೊಂಟಾನಾದ ಆ ಕಣಿವೆಯ ಶೆರಿಫ್ ಕಚೇರಿಯಲ್ಲಿ ದುಡಿದು ನಿವೃತ್ತಳಾದವಳು. ನೋಡುವ ಚಟ ಮಾತ್ರ ನಿವೃತ್ತವಾಗಿರಲಿಲ್ಲ. ಉರುಳೆಯ ಮುಂದೆ ಒಂದು ಸೀಸದ ಗುಂಡು ಮೂತಿ ಚಾಚಿತ್ತು. ಮೊದಲು ಹೊಡೆದವುಗಳ ಹಿನ್ನೂಕಿಗೆ ಅದು ಹಿತ್ತಾಳೆಯ ಚಿಪ್ಪಿನಿಂದ ಜಾರಿ ಹೊರಬಂದು ಅಡ್ಡಗಾಲು ಹಾಕಿತ್ತು.

"ಅಂಚು ಮಡಿಸಿಲ್ಲ," ಎಂದಳು. ಚಿಪ್ಪಿನ ಬಾಯಂಚನ್ನು ಗುಂಡಿನ ಸುತ್ತಲಿನ ಕಚ್ಚಿನೊಳಕ್ಕೆ ಮಡಿಸಿ ಬಿಗಿಯದಿದ್ದರೆ ಆಗುವುದೇ ಹೀಗೆ.

ಆರ್ವಿಡ್ ಕೆಂಡವಾದ. "ನನ್ನ ತೋಟಾ ನಾನೇ ಮನೇಲಿ ಮಾಡ್ಕೊಳ್ಳೋನು, ನಿದ್ದೆಗಣ್ಣಲ್ಲೂ ಮಡಿಸ್ತೀನಿ ಕಣೇ ನಾನು! ಯಾರೋ ನನ್ನ ತೋಟಾ ಕೆಡಿಸಿದಾರೆ. ನನ್ನ ಡಬ್ಬಿ ಪಕ್ಕ ನಿಂತು ಕಾಫಿ ಹೀರ್ತಿದ್ದೋನು ಯಾರು? ಕೇಳು ಅವನ್ನ!"

"ತಮಾಷೆ ಸಾಕು ಮಾರಾಯ," ಎಂದ ಕ್ಲೈಡ್.

"ತಮಾಷೆ ಅಲ್ಲ. ಶನಿವಾರದ ಸಭೇಲಿ ನಿನ್ನ ಹೆಸರು ಕ್ಲಬ್ಬಿಂದ ತೆಗೆಸ್ತೀನಿ!"

ನಲವತ್ತು ವರ್ಷ ಜೊತೆಯಲ್ಲಿ ಎಲ್ಕ್ ಜಿಂಕೆಯ ಬೇಟೆಯಾಡಿದವರು! ಆದರೆ ಜನಕ್ಕೇನು, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಗೆದ್ದ ಕ್ಲೈಡ್‌ನ ಕೈ ಕುಲುಕಲು ಒಬ್ಬನೂ ಮುಂದೆ ಬರಲಿಲ್ಲ.

ವರ್ನಾ ತೋಟಾದ ಡಬ್ಬಿಯನ್ನು ತನ್ನ ಬಳಿ ಇಟ್ಟುಕೊಂಡಳು. ಸಂಜೆ ಕ್ಲೈಡ್‌ನ ಜಗಲಿಗೆ ಹೋದಳು.

"ಡಬ್ಬಿ ಮುಟ್ಟಿದ್ಯಾ?"

"ಮುಟ್ಟಿದ್ದೆ. ಆರ್ವಿಡ್ ಹೊಸ ಅಚ್ಚಲ್ಲಿ ಸೀಸ ಎರಕ ಹೊಯ್ದಿದ್ನಲ್ಲ, ಗುಂಡು ಹೇಗೆ ಬಂದಿದೆ ಅಂತ ಒಂದನ್ನ ಎತ್ತಿ ನೋಡಿದೆ."

"ಅಲ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ? ಮುಟ್ಟಿದೋನೇ ಕಳ್ಳ ಅಂತಿದ್ರು." ಕ್ಲೈಡ್ ಆರ್ವಿಡ್‌ನ ಮನೆಯ ಕಡೆ ನೋಡಿದ. "ಕ್ಲಬ್ ಹಾಳಾಗ್ಲಿ ವರ್ನಾ. ನನ್ನ ಹೆಂಡತಿ ಹೋದ ಮೇಲೆ ನಾನು ಊಟ ಮಾಡ್ತಿದ್ದದ್ದೇ ಅವನ ಮನೇಲಿ. ಆ ಬಾಗಿಲು ಹೇಗೆ ತಟ್ಟಲಿ ಇನ್ನು?"

"ನೀನು ಎತ್ತಿದ ತೋಟಾದಲ್ಲಿ ಏನಾದ್ರೂ ಕಂಡ್ಯಾ?"

"ಮೂತಿ ಮೇಲೆ ಒಂದು ಗೆರೆ. ಗುಂಡು ಕೂರಿಸೋ ಕಡ್ಡಿ ಒತ್ತಿದ ಗುರುತು. ಮೆತ್ತನೆ ಸೀಸ, ಎಲ್ಲರದ್ರಲ್ಲೂ ಇರುತ್ತೆ."

ವರ್ನಾಳೂ ಹಾಗೆಯೇ ಅಂದುಕೊಂಡಿದ್ದಳು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರಲ್ಲ, ಮನೆಗೆ ಹೋಗಿ ಭೂತಗನ್ನಡಿ ಹಿಡಿದಳು. ಅಯ್ಯೋ, ಎಂಥ ಪೆದ್ದಿ ತಾನು! ಕಡ್ಡಿಯ ಗುರುತಾದರೆ ತುದಿಯ ಹತ್ತಿರ ಇರಬೇಕು. ಇದು ಕಚ್ಚಿನಿಂದ ತುಸು ಮೇಲೆ, ಗುಂಡಿನ ಸುತ್ತಳತೆಯ ಉದ್ದಕ್ಕೂ ಇದೆ.

ಬೆಳಿಗ್ಗೆ ಅವಳು ಕ್ಲೈಡ್‌ನನ್ನು ಎಳೆದುಕೊಂಡೇ ಆರ್ವಿಡ್‌ನ ಅಡುಗೆಮನೆಗೆ ನುಗ್ಗಿದಳು. ಆರ್ವಿಡ್ ಮುಖ ತಿರುಗಿಸಿದ. ಅವನ ಹೆಂಡತಿ ಇನೆಜ್ ನಾಲ್ಕು ಲೋಟ ಇಟ್ಟು ಕಾಫಿ ಬಗ್ಗಿಸಿದಳು.

"ಆರ್ವಿಡ್, ಹೊಸ ಅಚ್ಚು ಅಂದ್ಮೇಲೆ ಗುಂಡು ಎಷ್ಟು ಆಳ ಕೂರಬೇಕು ಅನ್ನೋ ತಿರುಪನ್ನ ಹೊಸದಾಗಿ ಹೊಂದಿಸಿದ್ಯಾ?"

"ಹೊಂದಿಸ್ದೆ. ನನಗೇ ಪಾಠ ಹೇಳ್ತೀಯಾ?"

"ಅಂಚು ಮಡಿಸಿದ್ಯಾ?"

"ಒಂದೊಂದನ್ನೂ!"

"ಒಪ್ಪಿದೆ. ಈಗ ಇಲ್ಲಿ ನೋಡಿ." ಡಬ್ಬಿಯಿಂದ ಒಂದು ತೋಟಾ ತೆಗೆದು, ಮೂತಿಯನ್ನು ಮೇಜಿನ ಅಂಚಿಗೆ ಆನಿಸಿ ಮೆಲ್ಲಗೆ ಅದುಮಿದಳು. ಗುಂಡು ಚಿಪ್ಪಿನೊಳಕ್ಕೆ ಇಳಿಯಿತು. ಇಳಿದು, ಹಿತ್ತಾಳೆಯ ಬಾಯಿ ಸರಿಯಾಗಿ ಆ ಗೆರೆಗೆ ಬಂದು ಕೂತಿತು.

ಕ್ಲೈಡ್ ಬಗ್ಗಿ ನೋಡಿದ. "ಅಂದ್ರೆ... ಮೊದಲು ಅಂಚು ಮಡಿಸಿದ್ದು ಇಲ್ಲಿಗಾ? ಇಷ್ಟು ಆಳಕ್ಕಾ?"

"ಹೌದು. ಆ ಗೆರೆ ಹಿತ್ತಾಳೆ ಕಚ್ಚಿದ ಗುರುತು. ಇಷ್ಟು ಆಳ ಕೂತ್ರೆ ಒಳಗೆ ಜಾಗ ಕಮ್ಮಿ, ಒತ್ತಡ ಜಾಸ್ತಿ. ಇವನ ಕೈಯಲ್ಲೇ ರಿವಾಲ್ವರ್ ಸಿಡೀಬಹುದಿತ್ತು. ಆಮೇಲೆ ಯಾರೋ ಈ ತೋಟಾಗಳನ್ನ ಗುಂಡು ಕೀಳೋ ಪೊಳ್ಳು ಸುತ್ತಿಗೆಯಲ್ಲಿ ಸಿಕ್ಕಿಸಿ, ಕುಟ್ಟಿ ಕುಟ್ಟಿ ಗುಂಡನ್ನ ಸರಿಯಾದ ಉದ್ದಕ್ಕೆ ಎಳೆದಿದಾರೆ. ಎಳೆಯುವಾಗ ಮಡಿಸಿದ್ದು ಬಿಚ್ಚಿಹೋಗಿದೆ. ಆರ್ವಿಡ್, ನೀನೇ ಹೇಳು — ಕೆಡಿಸೋಕೆ ಬಂದೋನು ಆಳ ತಿದ್ತಾನಾ?"

ಆರ್ವಿಡ್ ತೋಟಾವನ್ನು ಎತ್ತಿಕೊಂಡ. ಕಣ್ಣಿನ ಹತ್ತಿರ ಒಯ್ಯಲಿಲ್ಲ. ಉಗುರಿನಿಂದ ಅಂಚನ್ನು ತಡವುತ್ತಾ ಕೂತ.

"ಇಡೀ ಡಬ್ಬಿ ಕುಟ್ಟೋಕೆ ಅರ್ಧ ದಿನ ಬೇಕು," ಎಂದಳು ವರ್ನಾ. "ಒಂದು ಲೋಟ ಕಾಫಿ ಕುಡಿಯೋ ಹೊತ್ತಲ್ಲಿ ಆಗೋ ಕೆಲಸ ಅಲ್ಲ. ಪಂದ್ಯಕ್ಕೆ ಮುಂಚೆ ಡಬ್ಬಿ ಇದ್ದದ್ದು ಈ ಮನೇಲಿ. ನೀನಲ್ಲ ಅಂದ್ರೆ—"

"ನಾನೇ," ಎಂದಳು ಇನೆಜ್.

ಮೂವರೂ ತಿರುಗಿದರು.

"ಕಚ್ಚು ಅಂಚಿಗೆ ಬರಬೇಕು, ಬರಬೇಕು ಅಂತ ಮದುವೆ ಆದಾಗಿನಿಂದ ಕೇಳಿದೀನಿ. ಇವನು ಮಾಡಿಟ್ಟಿದ್ರಲ್ಲಿ ಕಚ್ಚೇ ಕಾಣ್ಲಿಲ್ಲ. ಎದೆ ಧಸಕ್ ಅಂತು. ಇವನು ಪೇಟೆಗೆ ಹೋದಾಗ ಕಚ್ಚು ಕಾಣೋವರೆಗೂ ಕುಟ್ಟಿದೆ. ಮತ್ತೆ ಮಡಿಸಬೇಕು ಅನ್ನೋದು ಹೊಳೀಲಿಲ್ಲ." ಅವಳು ಕ್ಲೈಡ್ ಕಡೆ ನೋಡಿದಳು. "ನಿನ್ನೆ ಅಲ್ಲೇ ಬಾಯಿ ಬಿಡಬೇಕಿತ್ತು. ಬಿಡ್ಲಿಲ್ಲ. ತಪ್ಪಾಯ್ತು."

"ನನಗೆ ಯಾಕೆ ಹೇಳ್ಲಿಲ್ಲ?" ಎಂದ ಆರ್ವಿಡ್.

"ಹೇಳಿದ್ರೆ ತೋಟಾ ಮಾಡೋದನ್ನೇ ಬಿಟ್ಟು ನಿನ್ನ ಮೇಜಿಂದ ಏಳ್ತಿದ್ದೆ ನೀನು. ಎದ್ದು ಎಲ್ಲಿ ಕೂತ್ಕೋತಿದ್ದೆ?"

ಆರ್ವಿಡ್ ತಲೆ ತಗ್ಗಿಸಿದ. ನೋಡಲಾರದೆ ವರ್ನಾ ಕಿಟಕಿಯ ಕಡೆ ತಿರುಗಿದಳು.

"ಚಳಿಗಾಲದಿಂದ ಕಣ್ಣು ಮಬ್ಬು, ಕಚ್ಚು ಎಲ್ಲಿದೆ ಅಂತ ಕಾಣ್ಲೇ ಇಲ್ಲ," ಎಂದ ಆರ್ವಿಡ್. "ನೀನಲ್ಲ ಅಂದ್ರೆ ನಾನೇ ಅಂತಾಗ್ತಿತ್ತು, ಕ್ಲೈಡ್. ಅದಕ್ಕೇ ನೀನೇ ಆಗ್ಲಿ ಅಂದ್ಕೊಂಡುಬಿಟ್ಟೆ. ಶನಿವಾರ ಎಲ್ಲರ ಮುಂದೆ ಎದ್ದು ನಿಂತು ಹೇಳ್ತೀನಿ."

"ಕಣ್ಣಿನ ವಿಷಯ ಎತ್ತಬೇಡ," ಎಂದ ಕ್ಲೈಡ್. "ಎತ್ತಿದ್ರೆ ಗುರಿಕಟ್ಟೆಗೆ ಬಿಟ್ಟುಕೊಳ್ಳಲ್ಲ ಅವರು. ಮಡಿಸೋದು ಮರೆತೆ ಅನ್ನು, ಸಾಕು. ನಂಬ್ತಾರೆ."

"ಅರ್ಧ ಜನ ನಂಬ್ತಾರೆ. ಇನ್ನರ್ಧ ಜನ ನಿನ್ನ ಕಾಪಾಡೋಕೆ ಸುಳ್ಳು ಹೇಳ್ತಿದೀನಿ ಅಂತಾರೆ." ಆರ್ವಿಡ್ ತೋಟಾವನ್ನು ಮೇಜಿನ ಮೇಲಿಟ್ಟ. "ಕಣ್ಣು ಕಾಣಲ್ಲ ಅಂತಲೇ ಹೇಳ್ತೀನಿ. ಆಗ ಒಬ್ಬನೂ ನಿನ್ನ ಕಡೆ ಬೆರಳು ತೋರಿಸಲ್ಲ."