ದುರ್ಗದ ಎರಡನೇ ಲೈನು

ಆಹ್ವಾನಪತ್ರಿಕೆಯನ್ನು ಚಿತ್ತಪ್ಪ ಮೂರು ಸಲ ಓದಿದ. ಚಿತ್ರದುರ್ಗದ ಹೊಸ ಟೆಲಿಫೋನ್ ಎಕ್ಸ್‌ಚೇಂಜಿನ ಉದ್ಘಾಟನೆ, ೧೯೭೪ರ ಫೆಬ್ರುವರಿ ಹದಿನಾಲ್ಕು, ಬೆಳಿಗ್ಗೆ ಹನ್ನೊಂದಕ್ಕೆ. ಮಂತ್ರಿಗಳಿಂದ ಮೊದಲ ಕರೆ. ಕೆಳಗೆ ಸನ್ಮಾನಿತರ ಸಾಲಿನಲ್ಲಿ ಒಂದೇ ಹೆಸರು: 'ಎರಡು ಲೈನುಗಳ ವಿದ್ಯುತ್ ವ್ಯವಸ್ಥೆಯನ್ನು ರೂಪಿಸಿದ ಶ್ರೀ ಮುರುಗಪ್ಪ.'

ರೂಪಿಸಿದವನು ಚಿತ್ತಪ್ಪ. ಮೂರು ತಿಂಗಳು ಸೈಕಲ್ ತುಳಿದು ಕಂಬ ಕಂಬ ನೋಡಿ ಬಂದವನು ಅವನು. ಅಷ್ಟು ದೊಡ್ಡ ಯಂತ್ರಕ್ಕೆ ಒಂದೇ ವಿದ್ಯುತ್ ಲೈನನ್ನು ನಂಬಿ ಕೂರುವಂತಿಲ್ಲ. ಒಂದು ಹಿರಿಯೂರು ಕಡೆಯಿಂದ ಬರಬೇಕು, ಇನ್ನೊಂದು ಹೊಳಲ್ಕೆರೆ ಕಡೆಯಿಂದ, ದಾರಿಯಲ್ಲಿ ಎಲ್ಲಿಯೂ ಎರಡೂ ಒಂದೇ ಕಂಬವನ್ನು ಮುಟ್ಟಬಾರದು ಎಂದು ಹನ್ನೊಂದು ಪುಟ ಬರೆದಿದ್ದ. ಇಂಗ್ಲಿಷು ತಿದ್ದಿಕೊಡು ಎಂದು ತನ್ನ ಮೇಲಿನವನೂ ಹನ್ನೆರಡು ವರ್ಷದ ಗೆಳೆಯನೂ ಆದ ಮುರುಗಪ್ಪನ ಕೈಗೆ ಕೊಟ್ಟಿದ್ದ. ಮುರುಗಪ್ಪ ತಿದ್ದುವಾಗ ಹೆಸರನ್ನೂ ತಿದ್ದಿದ.

ಕೇಳಿದಾಗ ಅವನು ಹೆಗಲ ಮೇಲೆ ಕೈ ಹಾಕಿದ. "ಲೇ ಚಿತ್ತಪ್ಪ, ಮೆಕ್ಯಾನಿಕ್ ಹೆಸ್ರಾಗೆ ಹೋದ್ರೆ ಮೇಲಿನೋರು ಓದ್ತಾರೇನಪ್ಪ? ನಿಂದೇ ಕೆಲ್ಸ ಅಂತ ನಂಗೊತ್ತೈತೆ. ಅಷ್ಟು ಸಾಕಲ್ಲ?"

ಚಿತ್ತಪ್ಪ ನಕ್ಕು ತನ್ನ ಕೆಲಸಕ್ಕೆ ಮರಳಿದ. ಮುರುಗಪ್ಪನ ಹೆಂಡತಿ ಆಸ್ಪತ್ರೆಯಲ್ಲಿದ್ದ ತಿಂಗಳು ಅವನ ಇಬ್ಬರು ಹೆಣ್ಣುಮಕ್ಕಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿದವಳು ಚಿತ್ತಪ್ಪನ ಹೆಂಡತಿ ಗಂಗಕ್ಕ. ಪತ್ರಿಕೆಯನ್ನು ಅವಳಿಗೆ ತೋರಿಸಲು ಅವನಿಗೆ ಮನಸ್ಸಾಗಲಿಲ್ಲ.

ಸೇಡಿನ ದಾರಿಯನ್ನು ಸರ್ಕಾರವೇ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿತ್ತು. ವಿದ್ಯುತ್ ಕಡಿತದ ವೇಳಾಪಟ್ಟಿ ಅದು. ಹದಿನಾಲ್ಕರಂದು ಹಿರಿಯೂರು ಲೈನಿಗೆ ಹತ್ತರಿಂದ ಹನ್ನೆರಡರವರೆಗೆ ಕಡಿತ. ಎಕ್ಸ್‌ಚೇಂಜಿಗೆ ಎರಡು ಲೈನಿದ್ದುದರಿಂದ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಡೀಸೆಲ್ ಜನರೇಟರ್ ಇನ್ನೂ ಬಂದಿರಲಿಲ್ಲ. ಬ್ಯಾಟರಿಗಳು ಅರ್ಧ ಗಂಟೆ ತಡೆದರೆ ಹೆಚ್ಚು.

ಹನ್ನೆರಡನೇ ತಾರೀಖು, ಹಾಡಹಗಲೇ, ಎಲ್ಲರೂ ಚಪ್ಪರದ ಕೆಲಸ ನೋಡುತ್ತ ಹೊರಗಿದ್ದಾಗ ಚಿತ್ತಪ್ಪ ಪವರ್ ರೂಮಿಗೆ ಹೋದ. ಹೊಳಲ್ಕೆರೆ ಲೈನಿನ ತಂತಿಗಳನ್ನು ಕಳಚಿ, ತುದಿಗಳಿಗೆ ಟೇಪು ಸುತ್ತಿದ. ಅವುಗಳ ಜಾಗಕ್ಕೆ ಹಿರಿಯೂರು ಲೈನಿನಿಂದಲೇ ಕವಲೊಡೆದು ತಂದು ಕಟ್ಟಿದ. ಬೋರ್ಡಿನ ಮೇಲೆ ಎರಡು ಲೈನಿನ ಎರಡು ಹಸಿರು ದೀಪಗಳು ಮೊದಲಿನಂತೆಯೇ ಉರಿದವು. ಪೆಟ್ಟಿಗೆ ಮುಚ್ಚಿ ಸೀಸದ ಮುದ್ರೆ ಒತ್ತಿದ. ಮುದ್ರೆಯ ಇಕ್ಕಳ ಇದ್ದದ್ದು ಅವನೊಬ್ಬನ ಬಳಿ. ಇಪ್ಪತ್ತು ನಿಮಿಷದ ಕೆಲಸ.

ಮುಂದಿನದು ತಾನಾಗಿಯೇ ಆಗುವುದಿತ್ತು. ಹತ್ತಕ್ಕೆ ಎರಡೂ ದೀಪ ಆರುತ್ತವೆ. ಮುರುಗಪ್ಪ ಲೈನು ಬದಲಿಸುವ ಹಿಡಿಕೆಯನ್ನು ಅತ್ತ ತಿರುಗಿಸಿ, ಇತ್ತ ತಿರುಗಿಸಿ ಬೆವರುತ್ತಾನೆ. ಮಂತ್ರಿಗಳ ಕೈಯಲ್ಲಿ ರಿಸೀವರ್ ಕಟ್ಟಿಗೆಯ ತುಂಡಿನಂತಿರುತ್ತದೆ. ಕೊನೆಗೆ ಚಿತ್ತಪ್ಪನನ್ನು ಕರೆಸಲೇಬೇಕು. ಅವನು ಒಬ್ಬನೇ ಒಳಗೆ ಹೋಗಿ, ತಂತಿಗಳನ್ನು ಮೊದಲಿದ್ದಂತೆ ಕಟ್ಟಿ, ಎಕ್ಸ್‌ಚೇಂಜಿಗೆ ಜೀವ ತರುತ್ತಾನೆ. ಆಮೇಲೆ ತನಿಖೆ. ಹೊಳಲ್ಕೆರೆ ಲೈನು ಆ ಹೊತ್ತೆಲ್ಲ ಚಾಲೂ ಇತ್ತೆಂದು ವಿದ್ಯುತ್ ಮಂಡಳಿಯ ಪುಸ್ತಕವೇ ಹೇಳುತ್ತದೆ. ವ್ಯವಸ್ಥೆ ರೂಪಿಸಿದ ಮಹಾಶಯನಿಗೆ ತನ್ನ ಹಿಡಿಕೆ ತಿರುಗಿಸಲೂ ಬರಲಿಲ್ಲ ಎಂದು ಊರೆಲ್ಲ ನಗುತ್ತದೆ. ಚಿತ್ತಪ್ಪ ಒಂದು ಸುಳ್ಳೂ ಹೇಳಬೇಕಾಗಿಲ್ಲ.

ಚಿತ್ತಪ್ಪ ಹದಿನಾಲ್ಕಕ್ಕೆ ರಜೆ ಕೇಳಿದಾಗ ಮುರುಗಪ್ಪನ ಮುಖ ಸಪ್ಪಗಾಯಿತು. "ಅವತ್ತೇ ಹೋಗ್ಬೇಕೇನಪ್ಪ? ನೀನು ಪಕ್ಕದಾಗಿದ್ರೆ ನಂಗೆ ಧೈರ್ಯ."

"ಗಂಗಕ್ಕನ ಅಕ್ಕನ ಮಗಳ ಮದ್ವೆ, ಹೊಳಲ್ಕೆರೆಯಾಗೆ. ಹೋಗ್ದಿದ್ರೆ ನಡೆಯಂಗಿಲ್ಲ," ಎಂದ ಚಿತ್ತಪ್ಪ. ಮುರುಗಪ್ಪನ ಮಾತು ಒಂದು ಕ್ಷಣ ಅವನನ್ನು ಚುಚ್ಚಿತು. ಆಹ್ವಾನಪತ್ರಿಕೆ ನೆನಪಾಯಿತು, ನೋವು ಹೋಯಿತು.

ಹದಿನಾಲ್ಕರ ಬೆಳಿಗ್ಗೆ ಮದುವೆ ಚಪ್ಪರದಲ್ಲಿ ಧ್ವನಿವರ್ಧಕ ಕಿವಿ ಒಡೆಯುವಂತೆ ಹಾಡುತ್ತಿತ್ತು. ಚಿತ್ತಪ್ಪ ಮುಂದಿನ ಸಾಲಿನಲ್ಲಿ, ನಾಲ್ಕು ಜನ ನೋಡುವಂತೆ ಕೂತಿದ್ದ.

"ಯಾಕ್ರಿ, ಗಡಿಯಾರ ನೋಡ್ಕಂತಾನೇ ಇದ್ದೀರಿ?" ಎಂದಳು ಗಂಗಕ್ಕ.

"ಮುಹೂರ್ತ ಮೀರ್ತೈತೇನೋ ಅಂತ."

ಹತ್ತು ಗಂಟೆಗೆ ಸರಿಯಾಗಿ ಹಾಡು ನಡುವೆಯೇ ನಿಂತಿತು. ಮೈಕಿನವನ ಯಂತ್ರ ಕೆಟ್ಟಿತೆಂದುಕೊಂಡ ಚಿತ್ತಪ್ಪ. ಆಮೇಲೆ ಮೇಲೆ ನೋಡಿದ. ಫ್ಯಾನಿನ ರೆಕ್ಕೆಗಳು ನಿಧಾನವಾಗುತ್ತ, ಒಂದೊಂದಾಗಿ ಎಣಿಸಲು ಸಿಕ್ಕವು.

ಕಾಲು ಗಂಟೆ ಕಳೆದ ಮೇಲೆ ಹೊಳಲ್ಕೆರೆಯ ಲೈನ್‌ಮನ್ ನಿಂಗಪ್ಪ, ಹುಡುಗಿಯ ಸೋದರಮಾವ, ಸೈಕಲ್ ಒರಗಿಸಿ ಬೆವರೊರೆಸುತ್ತ ಬಂದು ಪಕ್ಕದಲ್ಲಿ ಕೂತ. "ಬೈಬ್ಯಾಡ್ರಿ ಭಾವ, ನಾನೇ ಕರೆಂಟ್ ತೆಗ್ದು ಬಂದೆ. ಮಂತ್ರಿಗಳು ಹಿರಿಯೂರು ಬಂಗ್ಲೆಯಾಗೆ ತಿಂಡಿಗೆ ಇಳ್ಕಂಡವ್ರಂತೆ. ಅಲ್ಲಿ ಕರೆಂಟ್ ತೆಗಿಯಂಗಿಲ್ಲ, ಅವ್ರ ಕಡಿತದ ಪಾಳಿ ನೀವು ಹೊತ್ಕಳ್ರಿ ಅಂತ ಮೇಲಿನೋರು ಅಂದ್ರು. ದುರ್ಗದ ಮುರುಗಪ್ಪೋರಿಗೂ ಫೋನ್ ಹಚ್ಚಿ ಹೇಳ್ದೆ, ನಿಮ್ ಎರಡನೇ ದೀಪ ಆರೈತೆ, ಗಾಬ್ರಿ ಆಗ್ಬ್ಯಾಡ್ರಿ ಅಂತ. ಎಲ್ಲಿ ಆರೈತಪ್ಪಾ, ಎರಡೂ ಉರೀತಾವಲ್ಲ ಅಂದ್ರು. ಸೀಲು ಒಡ್ದು ನೋಡ್ತೀನಿ ಅಂತ ಫೋನ್ ಇಟ್ರು. ಅದೆಂಗೆ ಭಾವ, ನಾನು ಕೈಯಾರೆ ತೆಗ್ದಿರೋ ಲೈನು ಅಲ್ಲಿ ಉರಿಯೋದು?"