ಹದಿನೆಂಟನೇ ಕುಣಿಯ ಹಸಿರು ಟೊಪಗಿ

ಫೋನು ಮತ್ತೆ ಜಾರಿ ಬಿತ್ತು.

"ಏ, ಸರಿಯಾಗಿ ನಿಲ್ಲಸ ಅದನ್ನ," ಎಂದ ಇಜಾಜ. ಅವನ ಬಾಯಿ ತುಂಬ ಕುರುಕಲು ಖಾರ ಇತ್ತು.

ನುಜಹತ ಫೋನನ್ನು ಎತ್ತಿ ಈ ಸಲ ನೀರಿನ ತಂಬಿಗೆಗೆ ಒರಗಿಸಿದಳು. ಪರದೆಯ ಮೂಲೆಯಲ್ಲಿ ಸಣ್ಣ ಸೀಳು ಇತ್ತು. ಪರವಾಗಿಲ್ಲ, ನಡುವೆ ಹುಲ್ಲು ಚೆನ್ನಾಗಿ ಕಾಣುತ್ತಿತ್ತು. ಹುಲ್ಲು, ಹುಲ್ಲು, ಆಮೇಲೆ ಇನ್ನೂ ಹುಲ್ಲು.

ಆ ಭಾನುವಾರ ಮಧ್ಯಾಹ್ನ ಸವಣೂರಿನಲ್ಲಿ ಗಾಲ್ಫ್ ನೋಡುತ್ತಿದ್ದ ಮನೆ ಅದೊಂದೇ ಇರಬೇಕು. ಮನೆಯ ಮುಂದಿನ ಕಟ್ಟೆಯ ಮೇಲೆ ಓಣಿಯ ಅರ್ಧ ಹುಡುಗರು ಕುಳಿತಿದ್ದರು. ಅವರೆಲ್ಲ ಗಾಲ್ಫ್‌ಗಾಗಿ ಬಂದವರು ಅಂತ ತಿಳಿಯಬೇಡಿ. ತಾಟಿನ ತುಂಬ ಖಾರ ಇತ್ತು, ಅದಕ್ಕೆ ಬಂದವರು.

"ಇದರಾಗ ರನ್ ಹೆಂಗ ಆಗ್ತಾವ?" ಶೈಲಶ್ರೀ ಕೇಳಿದಳು. ಅವಳು ಕ್ಲಾಸಿನಲ್ಲಿ ನುಜಹತಳ ಪಕ್ಕದಲ್ಲಿ ಕೂರುವವಳು.

"ರನ್ ಇಲ್ಲ. ಚೆಂಡು ಕುಣ್ಯಾಗ ಹಾಕಬೇಕು. ಯಾರು ಕಮ್ಮಿ ಹೊಡ್ತದಾಗ ಹಾಕ್ತಾರ, ಆ ಕುಣಿ ಅವರದು. ಹದಿನೆಂಟು ಕುಣಿ ಅದಾವ. ಯಾರು ಹೆಚ್ಚು ಕುಣಿ ಗೆಲ್ತಾರ, ಅವರಿಗೆ ಕಪ್." ಅಪ್ಪ ಫೋನಿನಲ್ಲಿ ಹೇಳಿದ್ದನ್ನು ನುಜಹತ ಬಾಯಿಪಾಠ ಮಾಡಿಬಿಟ್ಟಿದ್ದಳು.

"ನಿಮ್ಮಪ್ಪ ಯಾವ ಕುಣ್ಯಾಗ ಅದಾನ?"

"ಹದಿನೆಂಟನೇದು. ಕಡೀದು."

"ಅಯ್ಯ, ಅಲ್ಲಿತನಕ ಕುಂದ್ರಬೇಕೇನ ನಾವು?" ಎಂದು ಇಜಾಜ ಇನ್ನೊಂದು ಮುಷ್ಟಿ ಖಾರ ತೆಗೆದುಕೊಂಡ.

ನುಜಹತಳ ಅಪ್ಪ ಬಂದೇಸಾಬ ಮೊದಲು ಊರ ಹತ್ತಿರದ ವೀಳ್ಯದೆಲೆ ತೋಟದಲ್ಲಿ ಕೆಲಸ ಮಾಡುತ್ತಿದ್ದ. ಬಕ್ರೀದ್ ಮುಗಿದ ಮೇಲೆ ಬೆಂಗಳೂರಿನ ಆಚೆ ಒಂದು ಗಾಲ್ಫ್ ಮೈದಾನಕ್ಕೆ ಹುಲ್ಲು ನೋಡಿಕೊಳ್ಳುವ ಕೆಲಸಕ್ಕೆ ಹೋದ. ಅಂದಿನಿಂದ ಅವನ ಸೈಕಲ್ ಗೋಡೆಗೆ ಒರಗಿಕೊಂಡೇ ಇದೆ. ಮೊದಲೆಲ್ಲ ಸಂಜೆ ಓಣಿಯ ತಿರುವಿನಲ್ಲಿ ಆ ಸೈಕಲ್ಲಿನ ಗಂಟೆ ಕೇಳುತ್ತಿತ್ತು. ಈಗಲೂ ಆ ಹೊತ್ತಿಗೆ ಸರಿಯಾಗಿ ನುಜಹತಳ ಕಿವಿ ಓಣಿಯ ಕಡೆ ಹೋಗುತ್ತದೆ. ಏನೂ ಕೇಳುವುದಿಲ್ಲ. ಅವ್ವ ಎಲೆ ಪೆಂಡಿ ಕಟ್ಟುವ ಕೆಲಸದಿಂದ ಬರುವುದು ಕತ್ತಲಾದ ಮೇಲೆ. ಅಜ್ಜಿಗೆ ಕಣ್ಣು ಮಂಜು. ಹೀಗಾಗಿ ಸಂಜೆ ಎಂದರೆ ನುಜಹತಳಿಗೆ ತುಂಬ ಉದ್ದ.

ಹೋದ ವಾರ ಅಪ್ಪ ಫೋನ್ ಮಾಡಿದ್ದ. "ಇಲ್ಲಿ ದೊಡ್ಡ ಟೂರ್ನಮೆಂಟ್ ಐತಿ. ಫೈನಲ್ ದಿನ ನನ್ನ ಡ್ಯೂಟಿ ಕಡೀ ಕುಣ್ಯಾಗ. ಮೊಬೈಲ್‌ನ್ಯಾಗ ಲೈವ್ ಬರ್ತೈತಿ, ನೋಡು. ಕ್ಯಾಮೆರಾ ಈ ಕಡೆ ತಿರುಗಿದ ಕೂಡ್ಲೆ ನಾ ಟೊಪಗಿ ತಗೀತೇನಿ. ಅದು ನಿನಗ ಅಂತ ತಿಳ್ಕೋ. ಬ್ಯಾರೇ ಯಾರಿಗೂ ಅಲ್ಲ."

ಇಷ್ಟು ಕೇಳಿದ ಮೇಲೆ ಯಾರು ಸುಮ್ಮನಿರುತ್ತಾರೆ? ನುಜಹತ ಕ್ಲಾಸಿಗೆಲ್ಲ ಹೇಳಿದಳು. ಅವ್ವನನ್ನು ಕಾಡಿಬೇಡಿ ಇವತ್ತೊಂದು ದಿನ ಫೋನ್ ಮನೆಯಲ್ಲಿ ಇಡಿಸಿಕೊಂಡಳು.

ಆದರೆ ಗಾಲ್ಫ್ ನೋಡುವುದೆಂದರೆ ಹಾಲು ಕಾಯುವುದನ್ನು ನೋಡಿದ ಹಾಗೆ. ಒಬ್ಬ ಬರುತ್ತಾನೆ, ಚೆಂಡನ್ನು ನೋಡುತ್ತಾನೆ, ಆಕಾಶವನ್ನು ನೋಡುತ್ತಾನೆ, ಮತ್ತೆ ಚೆಂಡನ್ನು ನೋಡುತ್ತಾನೆ. ಖಾರ ಮುಗಿಯಿತು. ಒಬ್ಬೊಬ್ಬರೇ ಎದ್ದು ಕೈ ಒರೆಸಿಕೊಂಡು ಹೋದರು. ಕೊನೆಗೆ ಉಳಿದವರು ಇಜಾಜ ಮತ್ತು ಶೈಲಶ್ರೀ ಮಾತ್ರ. ಅವರೂ ಕಟ್ಟೆಯ ಆ ತುದಿಯಲ್ಲಿ ಕಲ್ಲು ಆಡುತ್ತಿದ್ದರು.

ನುಜಹತ ಒಬ್ಬಳೇ ನೋಡಿದಳು. ಹನ್ನೆರಡನೇ ಕುಣಿ ಆಯಿತು. ಹದಿಮೂರು, ಹದಿನಾಲ್ಕು. ಪ್ರತಿ ಕುಣಿಯ ಹತ್ತಿರವೂ ಹಸಿರು ಟೊಪಗಿಯ ಕೆಲಸದವರು ತುದಿಗೆ ಹಲ್ಲುಗಳಿರುವ ಉದ್ದ ಕೋಲು ಹಿಡಿದು ನಿಂತಿದ್ದರು. ಕುಣಿಯ ಸುತ್ತಲಿನ ಮರಳಿನ ತಗ್ಗುಗಳಲ್ಲಿ ಚೆಂಡು ಬಿದ್ದು ಕೆದರಿದ ಮರಳನ್ನು ಎಳೆದು ಸಮ ಮಾಡುವ ಕೋಲು ಅದು. ಅಪ್ಪನ ಕೈಯಲ್ಲೂ ಅಂಥದೇ ಇರುತ್ತದೆ. ಇನ್ನು ಸ್ವಲ್ಪ ಹೊತ್ತು, ಅಷ್ಟೇ.

ಹದಿನೈದನೇ ಕುಣಿಯಲ್ಲಿ ಕೆಂಪು ಅಂಗಿಯವನು ಚೆಂಡು ಒಳಗೆ ಹಾಕಿದ. ಅಷ್ಟಕ್ಕೇ ಇಬ್ಬರೂ ಆಟಗಾರರು ಟೊಪಗಿ ತೆಗೆದು ಕೈ ಕುಲುಕಿದರು. ಸುತ್ತಲಿನ ಜನ ಚಪ್ಪಾಳೆ ಹೊಡೆದರು. ಯಾರೋ ಕಪ್ ಹಿಡಿದುಕೊಂಡು ಬಂದರು.

"ಯಾಕ? ಇನ್ನೂ ಮೂರು ಕುಣಿ ಅದಾವಲ್ಲ?" ಎಂದಳು ನುಜಹತ.

ಇಜಾಜ ಓಡಿ ಬಂದು ಪರದೆಯ ಕೆಳಗಿನ ಅಂಕಿ ನೋಡಿದ. ಕ್ರಿಕೆಟ್ ಲೆಕ್ಕದಲ್ಲಿ ಅವನು ಪಂಡಿತ. "ಕೆಂಪು ಅಂಗ್ಯಾಂವ ನಾಲ್ಕು ಕುಣಿ ಮುಂದ ಅದಾನ. ಉಳದಿದ್ದು ಮೂರ. ಮೂರೂ ಗೆದ್ದರೂ ಇನ್ನೊಬ್ಬಾಂವ ಅವನ್ನ ಹಿಡಿಯಂಗಿಲ್ಲ. ಮತ್ಯಾಕ ಆಡ್ತಾರ? ರನ್ ಹೊಡದು ಮುಗದ ಮ್ಯಾಲ ಉಳದ ಓವರ್ ಹಾಕ್ತಾರೇನ?"

"ಹಂಗಾರ ಹದಿನೆಂಟನೇದು ತೋರಸಂಗಿಲ್ಲೇನ?"

"ಅಲ್ಲೇನೈತಿ ತೋರಸಾಕ?"

ನುಜಹತ ಪರದೆಯನ್ನೇ ನೋಡಿದಳು. ನಾಳೆ ಕ್ಲಾಸಿಗೆ ಹೋಗಿ ಏನು ಹೇಳುವುದು?

"ಏ ನೋಡ ನೋಡ, ಹಸಿರು ಟೊಪಗಿ," ಎಂದಳು ಶೈಲಶ್ರೀ. "ಹಿಂದ ನಿಂತಾನಲ್ಲ, ಟೊಪಗಿ ತಗದ. ಅಂವಾ ನಿಮ್ಮಪ್ಪ ಏನ?"

ಚಪ್ಪಾಳೆ ಹೊಡೆಯುವವರ ಹಿಂದೆ ಒಬ್ಬ ಕೆಲಸದವನು ಟೊಪಗಿ ಎತ್ತಿ ತಲೆ ಒರೆಸಿಕೊಳ್ಳುತ್ತಿದ್ದ. ಮುಖ ಕಾಣಲಿಲ್ಲ. ಆದರೆ ಅವನು ನೆಟ್ಟಗೆ ನಿಂತಿದ್ದ. ಎಲೆ ಪೆಂಡಿ ಹೊತ್ತು ಹೊತ್ತು ಅಪ್ಪನ ಎಡ ಹೆಗಲು ಸ್ವಲ್ಪ ಇಳಿದಿದೆ. ಅಪ್ಪನನ್ನು ನುಜಹತ ಒಂದು ಮೈಲಿ ದೂರದಿಂದ ಬೇಕಾದರೂ ಗುರುತು ಹಿಡಿಯುತ್ತಾಳೆ. ಇವನು ಅಪ್ಪ ಅಲ್ಲ.

"ಹೂಂ," ಎಂದುಬಿಟ್ಟಳು.

"ಏ, ನುಜಹತಳ ಅಪ್ಪ ಮೊಬೈಲ್‌ನ್ಯಾಗ ಬಂದ್ರು! ನಾವು ನೋಡಿದ್ವಿ," ಎಂದು ಇಜಾಜ ಓಣಿಯ ತುಂಬ ಕೂಗುತ್ತ ಓಡಿದ. ಶೈಲಶ್ರೀಯೂ ಅವನ ಹಿಂದೆ ಓಡಿದಳು. ಪರದೆಯಲ್ಲಿ ಸಾಬೂನಿನ ಜಾಹೀರಾತು ಬಂತು.

ಒಳಗೆ ಮಲಗಿದ್ದ ಅಜ್ಜಿ ಹಾಜರಾಬಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. "ಕಂಡನೇನ ನನ್ನ ಮಗ?"

"ಹೂಂ," ಎಂದಳು ನುಜಹತ. ಒಮ್ಮೆ ಹೇಳಿದ ಮೇಲೆ ಎರಡನೇ ಸಲ ಹೇಳಲೇಬೇಕಾಯಿತು.

"ಸೊರಗ್ಯಾನೇನ?"

"ಇಲ್ಲ. ಹಂಗ ಅದಾನ."

ಅಜ್ಜಿ ನಕ್ಕಳು. ಖಾಲಿ ತಾಟು ಎತ್ತಿಕೊಂಡು ಒಳಗೆ ಹೋದಳು. ಓಣಿಯಲ್ಲಿ ಹುಡುಗರು ಇನ್ನೂ ನುಜಹತಳ ಹೆಸರು ಹೇಳಿ ಕೂಗುತ್ತಿದ್ದರು. ಅವಳಿಗೆ ಯಾಕೋ ಕಟ್ಟೆಯಿಂದ ಏಳಲು ಮನಸ್ಸಾಗಲಿಲ್ಲ.

ಅವ್ವ ಬಂದು ಒಲೆ ಹಚ್ಚಿದ ಹೊತ್ತಿಗೆ ಅಪ್ಪನ ಫೋನ್ ಬಂತು.

"ನುಜ್ಜಿ, ನೋಡಾಕ ಕುಂತಿದ್ದೇನ?"

"ಹೂಂ."

"ಸುಮ್ನ ಕುಂದ್ರಿಸಿಬಿಟ್ನೆಲ್ಲ ನಿನ್ನ. ಹದಿನೈದರಾಗ ಮುಗದು ಹೋತು ಆಟ. ಫೈನಲ್ ಅಂದ್ರ ಕಡೀತನಕ ಆಡೇ ಆಡ್ತಾರ ಅಂತ ತಿಳ್ಕೊಂಡಿದ್ನಿ. ನಿಮ್ಮಪ್ಪಗ ಅಷ್ಟ ಗೊತ್ತು ನೋಡು." ಅಪ್ಪ ನಕ್ಕ. ನಗು ಬೇಗ ನಿಂತಿತು.

"ಆವಾಗ ನೀ ಎಲ್ಲಿದ್ದಿ?"

"ಎಲ್ಲಿರ್ತೇನಿ? ನನ್ನ ಕುಣಿ ಹತ್ರ. ಮುಂಜಾನಿಂದ ಮರಳು ಎಳದು ಎಳದು ಸಾಫ್ ಮಾಡಿ ಇಟ್ಟಿದ್ನಿ. ಅದರ ಮ್ಯಾಲ ಒಬ್ಬರ ಹೆಜ್ಜಿನೂ ಬೀಳಲಿಲ್ಲ."

"ಯಾರೂ ಬರಲಿಲ್ಲೇನ?"

"ಕ್ಯಾಮೆರಾದಂವ ಒಬ್ಬ ಮ್ಯಾಲ ಅಟ್ಟದಾಗ ಇದ್ದ. ಅಂವಾನೂ ವಾಯರ್ ಸುತ್ತಾಕತ್ತಿದ್ದ. ಅಣ್ಣಾರ, ಒಂದ ಸಲ ಚಾಲೂ ಮಾಡ್ರಿ, ನನ್ನ ಮಗಳು ನೋಡ್ಕೋಂತ ಕುಂತಿರ್ತಾಳ ಅಂದ್ನಿ. ಎಲ್ಲಾ ಬಂದ್ ಆಗೇತಿ ಕಾಕಾ ಅಂದ."

"ಮತ್ತ?"

"ಮತ್ತೇನ? ಕ್ಯಾಮೆರಾ ಕಡೆ ತಿರುಗಿ ಟೊಪಗಿ ತಗದ್ನಿ."

"ಬಂದ್ ಆಗಿತ್ತಲ್ಲ ಅಪ್ಪಾ?"

"ಆಗಿತ್ತು. ಆದ್ರ ತಗೀತೇನಿ ಅಂತ ನಿನಗ ಹೇಳಿದ್ನೆಲ್ಲ."

ಅಷ್ಟರಲ್ಲಿ ಅಜ್ಜಿ ಫೋನ್ ಕಸಿದುಕೊಂಡಳು. "ಏ ಬಂದೇಸಾಬ, ಹುಡುಗಿ ನೋಡ್ಯಾಳಂತ ನಿನ್ನ. ಸೊರಗಿಲ್ಲ ಅಂದ್ಲು. ಖರೇನ?"

ನುಜಹತ ಅಜ್ಜಿಯ ಮುಖವನ್ನೇ ನೋಡಿದಳು. ಆ ಕಡೆಯಿಂದ ಅಪ್ಪ ಏನೋ ಹೇಳಿದ. ಅಜ್ಜಿ ನಕ್ಕಳು.

"ಏನಂದ?" ನುಜಹತ ಕೇಳಿದಳು.

"ಖರೇನ ಅವ್ವಾ, ಸೊರಗಿಲ್ಲ, ಹಂಗ ಅದೇನಿ ಅಂದ."

ಅಪ್ಪನಿಗೆ ಎಲ್ಲ ಗೊತ್ತಾಗಿತ್ತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ಅವಳಿಗೆ. ತನಗಾಗಿ ಟೊಪಗಿ ತೆಗೆದವನು ಅಲ್ಲಿ ಒಬ್ಬನೇ ನಿಂತಿದ್ದ. ತಾನು ಇಲ್ಲಿ ಯಾರೋ ಒಬ್ಬನಿಗೆ ಅಪ್ಪ ಅಂದಿದ್ದಳು. ಆ ರಾತ್ರಿ ನುಜಹತ ಗೋಡೆಗೆ ಒರಗಿದ್ದ ಸೈಕಲ್ಲಿನ ಪಕ್ಕ ಕುಳಿತು ಅತ್ತಳು.

ಬೆಳಿಗ್ಗೆ ಚಹಾ ಕುಡಿಯುವಾಗ ಅಜ್ಜಿಗೆ ಎಲ್ಲ ಹೇಳಿದಳು. ಅಜ್ಜಿ ಕೈಯಲ್ಲಿದ್ದ ಚಹಾದ ಬಸಿಯನ್ನು ಕೆಳಗೆ ಇಟ್ಟಳು.

"ಹಂಗಾರ ಬಿಸಲಾಗ ಒಬ್ಬನ ನಿಂತಿದ್ನೇನ ನನ್ನ ಮಗ?" ಎಂದಳು. ಅಷ್ಟೇ ಕೇಳಿದಳು.

ಶಾಲೆಗೆ ಹೋದರೆ ಇಜಾಜ ಆಗಲೇ ಎಲ್ಲರಿಗೂ ಹೇಳಿ ಮುಗಿಸಿದ್ದ. ಹಾಜರಿ ಆದ ಮೇಲೆ ಟೀಚರ್ ಕೇಳಿದರು, "ನುಜಹತ, ನಿಮ್ಮಪ್ಪ ಗಾಲ್ಫ್ ಮ್ಯಾಚಿನ್ಯಾಗ ಬಂದಿದ್ರಂತ? ಎದ್ದು ನಿಂತು ಹೇಳವಾ ನಮಗೂ."

ಕ್ಲಾಸೆಲ್ಲ ಚಪ್ಪಾಳೆ ಹೊಡೆಯಿತು. ನುಜಹತ ಎದ್ದು ನಿಂತಳು. ಚಪ್ಪಾಳೆ ನಿಲ್ಲುವ ತನಕ ಕಾಯ್ದಳು.

"ಅದು ನಮ್ಮಪ್ಪ ಅಲ್ರಿ ಟೀಚರ್."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಶೈಲಶ್ರೀ ಬಾಯಿ ತೆರೆದುಕೊಂಡು ನೋಡಿದಳು. "ನಿನ್ನೆ ಹೂಂ ಅಂದಿ?"

"ಸುಳ್ಳ ಅಂದ್ನಿ."

"ಮತ್ತ ನಿಮ್ಮಪ್ಪ ಎಲ್ಲಿದ್ರು?" ಟೀಚರ್ ಕೇಳಿದರು.

"ಹದಿನೆಂಟನೇ ಕುಣಿ ಹತ್ರ ಇದ್ದನ್ರಿ. ಆಟ ಅಲ್ಲಿತನಕ ಬರಲಿಲ್ರಿ."

ಟೀಚರ್ ತಲೆ ಆಡಿಸಿ, ಕುಳಿತುಕೋ ಎಂದು ಕೈ ಮಾಡಿದರು. ಬೋರ್ಡಿನ ಕಡೆ ತಿರುಗಿ ದಿನಾಂಕ ಬರೆಯತೊಡಗಿದರು. ನುಜಹತ ಕುಳಿತಳು. ಶೈಲಶ್ರೀ ಸ್ವಲ್ಪ ಆಚೆ ಸರಿದಳು. ಕಿವಿ ಬಿಸಿಯಾಗಿದ್ದವು, ಆದರೂ ನುಜಹತ ತಲೆ ತಗ್ಗಿಸಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಪಕ್ಕದ ಸಾಲಿನಿಂದ ಇಜಾಜ ಬಗ್ಗಿ ಮೆಲ್ಲಗೆ ಕೇಳಿದ, "ಅಲ್ಲ, ಯಾರೂ ಬರಲಿಲ್ಲಲ್ಲ, ಟೊಪಗಿ ತಗದ್ರೇನ ನಿಮ್ಮಪ್ಪ?"

"ಹೂಂ," ಎಂದಳು ನುಜಹತ. "ತಗದ."